ತೋಟದ ಮರದಿಂದ ಮನೆಯ ಹಲಗೆ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದು ತೋಟಕ್ಕೆ ಬಿಸಿಲು ಬೀಳುವ ಹೊತ್ತಿಗೆ ಈ ಪ್ರಶ್ನೆಗಳು ಶುರುವಾಗುತ್ತವೆ. ಮಳೆಗಾಲದ ಗಾಳಿಗೆ ಬಿದ್ದ ಹಲಸು ಹಾಗೇ ಮಲಗಿರುತ್ತದೆ. ಸೌದೆ ಮಾಡಲು ಮನಸ್ಸು ಬರುವುದಿಲ್ಲ. ವ್ಯಾಪಾರಿ ಹೇಳಿದ ರೇಟು ಕೇಳಿದರೆ ಕೊಡಲೂ ಮನಸ್ಸಾಗುವುದಿಲ್ಲ. ವಿರಾಜಪೇಟೆ ಕಡೆಯ ನಮ್ಮ ಸಣ್ಣ ರೊಬಸ್ಟಾ ಕಾಫಿ ತೋಟದಲ್ಲಿ ಬಿದ್ದ ಮರಗಳನ್ನು ಹಲಗೆ ಮಾಡಿ ಬಳಸುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಜನ ಹೇಗೆ ಕೇಳಿದರೋ ಹಾಗೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ನಮ್ಮ ಮರ ನಾವೇ ಕೊಯ್ದು ಹಲಗೆ ಮಾಡ್ಕೊಂಡ್ರೆ ನಿಜವಾಗ್ಲೂ ಲಾಭ ಇದ್ಯಾ?

ಒಂದೇ ಒಂದು ಮರ ಇದ್ದರೆ ಯಂತ್ರ ಕೊಳ್ಳಬೇಡಿ. ಹತ್ತಿರದ ಸಾಮಿಲ್‌ಗೆ ಕೊಟ್ಟು ಕೊಯ್ಸಿ. ಕೆಲಸ ಚೊಕ್ಕವಾಗುತ್ತದೆ, ಮರವೂ ಉಳಿಯುತ್ತದೆ.

ಲಾಭ ಇರುವುದು ಬೇರೆ ಕಡೆ. ವ್ಯಾಪಾರಿಗೆ ನೆಟ್ಟಗಿನ ಉದ್ದ ದಿಮ್ಮಿ ಬೇಕು. ಮೂರು ನಾಲ್ಕು ಅಡಿಯ ತುಂಡು, ಕೊಂಬೆ ಕವಲೊಡೆದ ಜಾಗ, ಸ್ವಲ್ಪ ಬಾಗಿದ ಬುಡ ಇವೆಲ್ಲ ಅವನ ಲೆಕ್ಕದಲ್ಲಿ ಸೌದೆ. ಮನೆಗೆ ಬೇಕಾದ ಮಣೆ, ಬೆಂಚು, ಕಿಟಕಿ ಚೌಕಟ್ಟು, ಜೇನು ಪೆಟ್ಟಿಗೆ ಇವುಗಳಿಗೆ ನಾಲ್ಕು ಅಡಿಯ ತುಂಡೇ ಧಾರಾಳ. ಕವಲೊಡೆದ ಜಾಗದಲ್ಲಿ ಸಿಗುವ ಎಳೆಯ ಚೆಂದ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ.

ಮರ ನಮ್ಮ ತೋಟದ್ದೇ. ಅದಕ್ಕೂ ಪರ್ಮಿಷನ್ ಬೇಕಾ?

ಬೇಕು. ಬೇರೆ ಎಲ್ಲಕ್ಕಿಂತ ಮೊದಲು ಈ ಕೆಲಸ ಮುಗಿಸಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ರಬ್ಬರ್, ತೆಂಗು, ನೀಲಗಿರಿಯಂಥ ಕೆಲವು ಮರಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ. ಹಲಸು, ನಂದಿ, ಮತ್ತಿ, ಹೊನ್ನೆ, ಬೀಟೆ, ತೇಗ ಇವಕ್ಕೆಲ್ಲ ಅರ್ಜಿ ಹಾಕಲೇಬೇಕು. ತೋಟದಿಂದ ಹೊರಗೆ ಸಾಗಿಸಲು ರಹದಾರಿ ಬೇರೆ ಬೇಕು. ಸಾಮಿಲ್‌ಗೆ ಕೊಂಡೊಯ್ಯುವುದೂ ಸಾಗಣೆಯೇ ಅಂತ ನೆನಪಿರಲಿ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ, ಬೇರೆ ಜಿಲ್ಲೆಯವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮಲ್ಲಿ ಜಮೀನು ಸಾಗು, ಬಾಣೆ, ಜಮ್ಮ ಅಂತ ಬೇರೆ ಬೇರೆ ಬಗೆಯದು. ಅದರಲ್ಲೂ ರಿಡೀಮ್ ಆದದ್ದು (ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದು), ಆಗದ್ದು ಅಂತ ಎರಡಿದೆ. ರಿಡೀಮ್ ಆಗದ ಜಮೀನಿನಲ್ಲಿ ಮರದ ಹಕ್ಕು ಸರ್ಕಾರದ್ದು. ನಾಲ್ಕು ತಲೆಮಾರಿನಿಂದ ನೀವೇ ಸಾಕಿದ ಮರವಾದರೂ ಸರ್ಕಾರಕ್ಕೆ ಮರದ ಬೆಲೆ ಕಟ್ಟಿಯೇ ಕಡಿಯಬೇಕು. ಪಹಣಿ ಮತ್ತು ಹಳೆಯ ಜಮಾಬಂದಿ ಕಾಗದ ಎರಡನ್ನೂ ತೆಗೆದುಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ. ಬಾಯಿಮಾತಿನ 'ಆಯ್ತು ಬಿಡಿ' ನಂಬಿ ಗರಗಸ ಇಡಬೇಡಿ, ಬರಹದಲ್ಲಿ ಪಡೆಯಿರಿ.

ಶ್ರೀಗಂಧದ ದಾರಿಯೇ ಬೇರೆ. 2001ರ ತಿದ್ದುಪಡಿ ಆದ ಮೇಲೆ ಜಮೀನಿನ ಮಾಲೀಕನೇ ಮರದ ಒಡೆಯ. ಹಾಗಂತ ನಾವೇ ಕಡಿದು ಕೆಲಸ ಮಾಡಿಕೊಳ್ಳುವ ಹಾಗಿಲ್ಲ. ದೇವರಕಾಡಿನ ಮರದ ವಿಷಯವಂತೂ ಕೇಳಲೇಬೇಡಿ. ನಮ್ಮ ಜಿಲ್ಲೆಯಲ್ಲಿ ಇನ್ನೂ 1200ಕ್ಕಿಂತ ಜಾಸ್ತಿ ದೇವರಕಾಡುಗಳಿವೆ. ಅಲ್ಲಿ ಬಿದ್ದದ್ದು ಅಲ್ಲೇ ಮಣ್ಣಾಗಲಿ.

ಗಾಳಿಗೆ ತಾನಾಗೇ ಬಿದ್ದ ಮರ. ಇದಕ್ಕೂ ಕಾಗದನಾ?

ಹೌದು. ಬೇರು ಕಿತ್ತ ಜಾಗ, ಬಿದ್ದ ಮರ, ಸುತ್ತಲಿನ ಕಾಫಿ ಗಿಡ ಎಲ್ಲ ಕಾಣುವ ಹಾಗೆ ಅದೇ ದಿನ ಫೋಟೋ ತೆಗೆದಿಡಿ. ಫೋಟೋ ಜೊತೆ ಅರ್ಜಿ ಕೊಡಿ. ಉತ್ತರ ಬರುವವರೆಗೆ ದಿಮ್ಮಿಯ ತುದಿಗೆ ಬಣ್ಣ ಬಳಿದು, ಎರಡು ಅಡ್ಡ ಕಟ್ಟಿಗೆ ಮೇಲೆ ಎತ್ತಿ ನೆರಳಲ್ಲಿಟ್ಟರೆ ಮರ ಕಾಯುತ್ತದೆ.

ಮನೇಲಿ ಮೆಷಿನ್ ಇಟ್ಟು ಕೊಯ್ದರೆ ಸಾಮಿಲ್ ಲೈಸೆನ್ಸ್ ಕೇಳ್ತಾರೆ ಅಂತಾರೆ. ಹೌದಾ?

ಸಾಮಿಲ್ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. 1996ರ ಡಿಸೆಂಬರ್ 12ರಂದು ಕಾಡು ಉಳಿಸುವ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಶುರುವಾಗಿ ಹೊಸ ಸಾಮಿಲ್‌ಗಳಿಗೆ ಕಡಿವಾಣ ಬಿದ್ದಿದೆ. ಬ್ಯಾಂಡ್‌ಸಾ (ಪಟ್ಟಿ ಗರಗಸದ ಯಂತ್ರ) ಕೂರಿಸುವ ಯೋಚನೆ ಇದ್ದರೆ, ಅಥವಾ ಕೂಲಿಗೆ ಪಕ್ಕದ ಮನೆಯವರ ಮರವನ್ನೂ ಕೊಯ್ದುಕೊಡುವ ಆಸೆ ಇದ್ದರೆ, ದುಡ್ಡು ಹಾಕುವ ಮುಂಚೆಯೇ ಅರಣ್ಯ ಕಚೇರಿಯಲ್ಲಿ ಕೇಳಿ. ಅನುಮತಿ ಇರುವ ಸ್ವಂತ ಮರಕ್ಕೆ ಕೈಯಲ್ಲಿ ಹಿಡಿಯುವ ಚೈನ್‌ಸಾ ಬಳಸುವವರೂ ಅರ್ಜಿಯಲ್ಲೇ 'ತೋಟದಲ್ಲೇ ಹಲಗೆ ಮಾಡಿ ಸ್ವಂತಕ್ಕೆ ಬಳಸುತ್ತೇನೆ' ಅಂತ ಬರೆದುಬಿಡಿ. ಆಮೇಲಿನ ಕಿರಿಕಿರಿ ತಪ್ಪುತ್ತದೆ.

## ಯಾವ ಮರ, ಯಾವ ಕೆಲಸಕ್ಕೆ

ಮೊದಲ ಸಲ ಮಾಡ್ತಿದ್ದೀನಿ. ಯಾವ ಮರದಿಂದ ಶುರು ಮಾಡಲಿ?

ಹಲಸು. ನನಗೆ ಇದರಲ್ಲಿ ಎರಡನೇ ಮಾತಿಲ್ಲ.

ಹದವಾದ ಗಟ್ಟಿ, ಉಳಿಗೆ ಬಗ್ಗುತ್ತದೆ, ಒಣಗುವಾಗ ತೀರಾ ಹಟ ಮಾಡುವುದಿಲ್ಲ, ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಹೊಸದಾಗಿ ಕೊಯ್ದ ಹಲಗೆ ಅರಿಶಿನದಷ್ಟು ಹಳದಿ. ಬೆಳಕು ಬೀಳುತ್ತಾ ಬೀಳುತ್ತಾ ಜೇನಿನ ಬಣ್ಣಕ್ಕೆ ಬಂದು, ವರ್ಷಗಳು ಕಳೆದರೆ ಕಂದು ಕೆಂಪಾಗುತ್ತದೆ. ಹಲಗೆ ಮೇಲೆ ಒಂದು ಎಲೆ ಬಿದ್ದು ಎರಡು ವಾರ ಹಾಗೇ ಇದ್ದರೆ ಎಲೆಯ ಆಕಾರ ಹಳದಿಯಾಗಿಯೇ ಉಳಿದುಬಿಡುತ್ತದೆ. ಹಾಗಾಗಿ ಕೀಸಿದ ಹಲಗೆಯನ್ನು ಅರ್ಧ ಮುಚ್ಚಿ ಇಡಬೇಡಿ. ಹಸಿ ಮರದ ಮೇಣ ಗರಗಸಕ್ಕೆ ಅಂಟುತ್ತದೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಕೊಳ್ಳಿ.

ಹೆಬ್ಬಲಸು ಸಿಕ್ಕಿದರೆ ಅದೃಷ್ಟ. ಪಶ್ಚಿಮ ಘಟ್ಟದ್ದೇ ಆದ ಮರ ಅದು. ಕೇರಳದವರು ದೋಣಿ ಕಟ್ಟಿದ್ದು ಅದರಲ್ಲೇ. ಬಾಗಿಲು ಕಿಟಕಿಗೆ ಬಹಳ ಒಳ್ಳೆಯದು.

ಸಿಲ್ವರ್ ಓಕ್ ಫರ್ನಿಚರ್‌ಗೆ ಆಗಲ್ಲ, ಬರೀ ಪ್ಯಾಕಿಂಗ್ ಪೆಟ್ಟಿಗೆಗೆ ಅಂತಾರಲ್ಲ?

ಇದು ನಮ್ಮ ಊರಿನ ಮರವೇ ಅಲ್ಲ, ಆಸ್ಟ್ರೇಲಿಯಾದ್ದು. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಅಂತ ಬಂದು ತೋಟ ತುಂಬ ನಿಂತಿದೆ. ಆದರೆ ಅದಕ್ಕೆ ಬಂದ ಕೆಟ್ಟ ಹೆಸರು ನ್ಯಾಯವಾದದ್ದಲ್ಲ ಅಂತ ನನ್ನ ಅಭಿಪ್ರಾಯ. ನಡುವಿನ ತಿರುಳಿನಿಂದ ಹೊರಕ್ಕೆ, ಸೈಕಲ್ ಚಕ್ರದ ಕಡ್ಡಿಯ ದಿಕ್ಕಿನಲ್ಲಿ ಕೊಯ್ದು ನೋಡಿ. ಹಲಗೆಯ ಮೈ ತುಂಬ ಮೀನಿನ ಪೊರೆಯಂಥ ಮಿಂಚು ಬರುತ್ತದೆ. ಕಪಾಟಿನ ಬಾಗಿಲು, ಡ್ರಾಯರ್, ಪುಸ್ತಕದ ಅಟ್ಟಣಿಗೆಗೆ ಚೆನ್ನಾಗಿ ಒಪ್ಪುತ್ತದೆ. ಮಳೆಗೆ ಮಾತ್ರ ಒಡ್ಡಬೇಡಿ, ಬೇಗ ಕೊಳೆಯುತ್ತದೆ.

ಒಂದು ಎಚ್ಚರಿಕೆ: ಇದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಮೊಣಕೈ, ಕುತ್ತಿಗೆ, ಕಣ್ಣಿನ ರೆಪ್ಪೆ ಮೇಲೆ ತುರಿಕೆ ಎದ್ದು ಗುಳ್ಳೆ ಬರುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿ. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ.

ನಂದಿ, ಮತ್ತಿ, ಕಾಡುಮಾವು, ಹಾಲುವಾಣ ಎಲ್ಲ ಇದೆ. ಏನಕ್ಕೆ ಬರುತ್ತೆ?

ನಂದಿ ತೊಲೆ, ಪಕಾಸು, ಮಂಚಕ್ಕೆ. ಮತ್ತಿ ಭಾರಿ ಗಟ್ಟಿ, ತುದಿ ಸೀಳುವುದೂ ಜಾಸ್ತಿ, ದಪ್ಪ ಕಂಬವಾಗಿಯೇ ಇಟ್ಟುಕೊಳ್ಳಿ. ಕಾಡುಮಾವನ್ನು ಬಿದ್ದ ಒಂದು ವಾರದೊಳಗೆ ಕೊಯ್ದರೆ ಚೆಂದದ ಮೇಜು, ತಿಂಗಳು ಬಿಟ್ಟರೆ ನೀಲಿ ಬೂಸ್ಟು ಮತ್ತು ಹುಳ. ನೇರಳೆ ನೀರಿಗೆ ಜಗ್ಗುವುದಿಲ್ಲ. ಹಾಲುವಾಣ, ಬಸರಿ, ಅತ್ತಿ ಹಲಗೆಗೆ ಬೇಡ. ಹಳೆಯ ರೊಬಸ್ಟಾ ಬುಡ ಕಿತ್ತರೆ ಎಸೆಯಬೇಡಿ. ಅದು ಸಣ್ಣದಾದರೂ ಒತ್ತಾದ ಎಳೆಯ ಮರ, ಉಳಿ ಹಿಡಿ, ಸೌಟು, ಮೇಜಿನ ಕಾಲಿಗೆ ಬರುತ್ತದೆ.

ತೊಗಟೆ ಪೂರ್ತಿ ಹೋಗಿರೋ ಹಳೇ ದಿಮ್ಮಿ ಇದೆ. ಯಾವ ಮರ ಅಂತ ತಿಳಿಯೋದು ಹೇಗೆ?

ನಿಂತ ಮರ ಗುರುತಿಸುವುದು ಸುಲಭ. ಮತ್ತಿಯದ್ದು ಮೊಸಳೆ ಚರ್ಮ, ನಂದಿಯದ್ದು ಸುಲಿದ ಹಾಗಿರುವ ನುಣುಪಾದ ಬಿಳಿ ಮೈ. ದಿಮ್ಮಿಯಾದ ಮೇಲೆ ತುದಿಯಲ್ಲಿ ಹರಿತ ಉಳಿಯಿಂದ ಒಂದು ಚಕ್ಕೆ ತೆಗೆದು, ಒದ್ದೆ ಮಾಡಿ, ಮೂಸಿ ನೋಡಿ.

ಹೊನ್ನೆಗೆ ಒಂದು ಸುಲಭ ಪರೀಕ್ಷೆ ಇದೆ. ನಾಲ್ಕು ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರು ಚಹಾದ ಹಾಗೆ ಕಂದಾಗುತ್ತದೆ. ಲೋಟವನ್ನು ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ಅಂಚಿನಲ್ಲಿ ನವಿಲುಗರಿಯ ನೀಲಿ ಮಿಂಚುತ್ತದೆ. ನಮ್ಮ ಮನೆ ಮಕ್ಕಳು ಇದನ್ನು ನೋಡಲೆಂದೇ ಚಕ್ಕೆ ಕೇಳುತ್ತಾರೆ.

ಆದರೂ ಖಾತ್ರಿಯಾಗದಿದ್ದರೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಕೇಳಬಹುದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲೂ ಮರ ಗುರುತಿಸಿಕೊಡುತ್ತಾರೆ.

## ಕೊಯ್ಯುವ ಕೆಲಸ

ಯಾವ ತಿಂಗಳು ಕಡಿದ್ರೆ ಒಳ್ಳೇದು? ಅಮಾವಾಸ್ಯೆ ನೋಡಬೇಕಾ?

ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಕಾಫಿ ಕೊಯ್ಲಿನ ಗಡಿಬಿಡಿ ಇರುತ್ತದೆ, ಗೊತ್ತು. ಆದರೆ ಆಗ ಕೊಯ್ದ ಹಲಗೆಗೆ ಜೂನ್ ಮಳೆ ಹಿಡಿಯುವ ಮುಂಚೆ ನಾಲ್ಕೈದು ತಿಂಗಳ ಒಣ ಗಾಳಿ ಸಿಗುತ್ತದೆ. ಏಪ್ರಿಲ್‌ನಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡುವಾಗ ಇಳಿಸಿದ ಮರ ಅರೆಬರೆ ಹಸಿಯಾಗಿಯೇ ಜುಲೈ-ಆಗಸ್ಟಿನ ಕಕ್ಕಡದ ಮಳೆಗೆ ಸಿಕ್ಕಿಕೊಳ್ಳುತ್ತದೆ, ಬೂಸ್ಟು ಗ್ಯಾರಂಟಿ.

ಅಮಾವಾಸ್ಯೆಯ ಮಾತನ್ನು ಹಿರಿಯರಿಂದ ನಾನೂ ಕೇಳಿದ್ದೇನೆ. ನನ್ನ ಹಲಗೆಗಳಲ್ಲಿ ಚಂದ್ರನಿಂದ ವ್ಯತ್ಯಾಸ ಕಂಡಿಲ್ಲ, ತಿಂಗಳಿನಿಂದ ಖಂಡಿತ ಕಂಡಿದೆ. ಹಿರಿಯರು ಮಳೆ ನಿಂತ ಮೇಲಿನ ತಿಂಗಳುಗಳಲ್ಲೇ ಕಡಿಯುತ್ತಿದ್ದರು. ನಾವು ಅದನ್ನು ಬಿಟ್ಟು ಅಮಾವಾಸ್ಯೆಯನ್ನು ಮಾತ್ರ ಹಿಡಿದುಕೊಂಡಿದ್ದೇವೆ.

ತೋಟದಲ್ಲಿ ಕೊಂಬೆ ಕಡಿಯೋ ಚೈನ್‌ಸಾ ಇದೆ. ಅದೇ ಸಾಕಾ?

ಅಡ್ಡ ಕಡಿಯುವುದೂ ಉದ್ದಕ್ಕೆ ಕೊಯ್ಯುವುದೂ ಬೇರೆ ಬೇರೆ ಕೆಲಸ. ಉದ್ದಕ್ಕೆ ಕೊಯ್ಯುವಾಗ ಎಂಜಿನ್ ಹತ್ತು ಹದಿನೈದು ನಿಮಿಷ ಬಿಡದೆ ಪೂರ್ತಿ ಕಸುವಿನಲ್ಲಿ ದುಡಿಯುತ್ತದೆ. 50 ಸಿಸಿ ಯಂತ್ರ ಬಿಸಿಯಾಗಿ ಸುಟ್ಟುಹೋಗಬಹುದು. ಒಂದೂವರೆ ಅಡಿ ಅಗಲದ ಹಲಸಿಗೆ ಕನಿಷ್ಠ 70 ಸಿಸಿ ಇರಲಿ. ಪ್ರತಿ ಕೊಯ್ತದ ನಂತರ ಆಫ್ ಮಾಡದೆ ಒಂದು ನಿಮಿಷ ಸುಮ್ನೆ ಓಡಲು ಬಿಡಿ, ಎಂಜಿನ್ ತಣಿಯುತ್ತದೆ.

ಚೈನ್ ಕೂಡ ಬೇರೆ. ಮಾಮೂಲಿ ಚೈನಿನ ಹಲ್ಲು ಸುಮಾರು 30 ಡಿಗ್ರಿ ಓರೆಯಾಗಿರುತ್ತದೆ. ಉದ್ದ ಕೊಯ್ತಕ್ಕೆ ಅದನ್ನು 10 ಡಿಗ್ರಿಗೆ ಅರೆದುಕೊಳ್ಳಬೇಕು. ಆಗ ಹಲಗೆಯ ಮೈ ನುಣುಪಾಗಿ ಬರುತ್ತದೆ.

ಚೈನ್‌ಸಾ ಕೂರಿಸುವ ಅಲಾಸ್ಕನ್ ಮಿಲ್ ಎಂಬ ಚೌಕಟ್ಟು ಸಿಗುತ್ತದೆ. ಮೊದಲ ಕೊಯ್ತಕ್ಕೆ ದಿಮ್ಮಿಯ ಮೇಲೆ ನೆಟ್ಟಗಿರುವ ಅಲ್ಯೂಮಿನಿಯಂ ಏಣಿ ಕಟ್ಟಿ ಅದರ ಮೇಲೆ ಜಾರಿಸಿ. ಆ ಒಂದು ಕೊಯ್ತ ಸೊಟ್ಟವಾದರೆ ಕೆಳಗಿನ ಹಲಗೆಗಳೆಲ್ಲ ಸೊಟ್ಟ. ಕೊಯ್ತ ಮುಂದೆ ಸಾಗಿದ ಹಾಗೆ ಹಿಂದೆ ಮರದ ಬೆಣೆ ಬಡಿಯುತ್ತಾ ಹೋಗಿ, ಚೈನ್ ಸಿಕ್ಕಿಕೊಳ್ಳುವುದಿಲ್ಲ.

ಹೆಲ್ಮೆಟ್, ಕಿವಿ ಮುಚ್ಚಳ, ಕಣ್ಣಿನ ಕನ್ನಡಕ, ಕಾಲಿಗೆ ಚೈನ್ ತಡೆಯುವ ಪ್ಯಾಂಟು, ಬೂಟು ಇಷ್ಟಿಲ್ಲದೆ ಯಂತ್ರ ಸ್ಟಾರ್ಟ್ ಮಾಡಬೇಡಿ. ಲುಂಗಿ, ಚಪ್ಪಲಿಯಲ್ಲಿ ಕೊಯ್ಯುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಒಬ್ಬರೇ ಇರುವಾಗ ಈ ಕೆಲಸ ಬೇಡ.

ಹಲಗೆ ಎಷ್ಟು ದಪ್ಪ ಕೊಯ್ಯಲಿ?

ಕೊನೆಗೆ ಒಂದು ಇಂಚು ಬೇಕಿದ್ದರೆ ಒಂದೂಕಾಲು ಇಂಚು ಕೊಯ್ಯಿರಿ. ಉದ್ದಕ್ಕೆ ಎರಡೂ ತುದಿಯಲ್ಲಿ ಅರ್ಧರ್ಧ ಅಡಿ ಜಾಸ್ತಿ ಬಿಡಿ, ಅಲ್ಲಿ ಬಿರುಕು ಬಂದೇ ಬರುತ್ತದೆ. ನಟ್ಟನಡುವಿನ ತಿರುಳು ಇರುವ ಹಲಗೆ ಸೀಳುತ್ತದೆ. ಅದನ್ನು ಮೇಜಿಗೆ ಇಟ್ಟುಕೊಳ್ಳಬೇಡಿ, ತಿರುಳು ತೆಗೆದು ರೀಪು ಮಾಡಿ.

ಮರದೊಳಗೆ ಮೊಳೆ ಇದ್ರೆ?

ತೋಟದ ಮರದಲ್ಲಿ ಇಲ್ಲದಿದ್ದರೇ ಆಶ್ಚರ್ಯ. ಬೇಲಿ ತಂತಿ, ಬೋರ್ಡಿನ ಮೊಳೆ, ಮೆಣಸಿನ ಬಳ್ಳಿ ಕಟ್ಟಿದ ತಂತಿ, ಎಲ್ಲವನ್ನೂ ಮರ ನುಂಗಿಕೊಂಡಿರುತ್ತದೆ. ಬುಡದಿಂದ ಐದಾರು ಅಡಿವರೆಗೆ ಅಪಾಯ ಜಾಸ್ತಿ. ಕೈಯಲ್ಲಿ ಹಿಡಿಯುವ ಲೋಹ ಶೋಧಕ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಣ್ಣಿಗೆ ಕೆಲಸ ಕೊಡಿ. ಕೊಯ್ದ ಮುಖದಲ್ಲಿ ಇಂಕು ಚೆಲ್ಲಿದಂಥ ನೀಲಿಗಪ್ಪು ಗೆರೆ ಎಳೆಯ ಉದ್ದಕ್ಕೂ ಓಡಿದ್ದರೆ ಅಲ್ಲೇ ನಿಲ್ಲಿಸಿ. ಮರದ ಒಗರು ಕಬ್ಬಿಣಕ್ಕೆ ತಗುಲಿ ಆಗುವ ಕಲೆ ಅದು. ಮೊಳೆ ಮುಂದಿನ ಹಲಗೆಯಲ್ಲಿ ಕಾಯುತ್ತಿರುತ್ತದೆ.

ಒಂದು ದಿಮ್ಮಿಗೆ ಎಷ್ಟು ಹಲಗೆ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕೋದು ಹೇಗೆ?

ನಾಟಾ ವ್ಯಾಪಾರದಲ್ಲಿ ಕಾಲು ಸುತ್ತಳತೆಯ ಲೆಕ್ಕ ಇದೆ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿ ಲೆಕ್ಕದ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. 60 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಅಂದರೆ 15ನ್ನು 15ರಿಂದ, ಮತ್ತೆ 10ರಿಂದ ಗುಣಿಸಿ 144ರಿಂದ ಭಾಗಿಸಿದರೆ ಸುಮಾರು 15.6 ಘನ ಅಡಿ. ದಿಮ್ಮಿಯ ನಿಜವಾದ ಗಾತ್ರ ಇದಕ್ಕಿಂತ ಜಾಸ್ತಿ, ಸುಮಾರು 20 ಘನ ಅಡಿ. ಮಾರುವವರು ಈ ವ್ಯತ್ಯಾಸ ತಿಳಿದಿರಬೇಕು.

ಇದೇ ದಿಮ್ಮಿಯಿಂದ ಚೈನ್‌ಸಾದಲ್ಲಿ ಒಂದೂಕಾಲು ಇಂಚಿನ 9 ಹಲಗೆ ಬರುತ್ತದೆ. ಚೈನ್ ಪ್ರತಿ ಕೊಯ್ತಕ್ಕೂ ಮುಕ್ಕಾಲು ಇಂಚಿನ ಅರ್ಧದಷ್ಟು (3/8 ಇಂಚು) ಮರವನ್ನು ಪುಡಿ ಮಾಡುತ್ತದೆ, ಬ್ಯಾಂಡ್‌ಸಾ ಅದರ ಮೂರನೇ ಒಂದು ಪಾಲು ಮಾತ್ರ. ಬೆಲೆಬಾಳುವ ಮರವನ್ನು ಸಾಮಿಲ್‌ಗೇ ಕೊಡಿ ಅಂತ ನಾನು ಹೇಳುವುದು ಇದಕ್ಕೇ.

## ಒಣಗಿಸುವುದು

ಎಷ್ಟು ದಿನ ಒಣಗಬೇಕು?

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಎಲ್ಲ ಕಡೆ ಹೇಳುತ್ತಾರೆ. ಕೊಡಗಿನಲ್ಲಿ ವರ್ಷದ ಲೆಕ್ಕ ಸರಿಹೋಗುವುದಿಲ್ಲ, ಬೇಸಿಗೆಯ ಲೆಕ್ಕ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ಅಷ್ಟು ನೀರಿರುವಾಗ ಹಲಗೆ ಒಣಗುವುದಾದರೂ ಹೇಗೆ? ಗಾಳಿಯ ತೇವಾಂಶ ಶೇ 90 ಇದ್ದರೆ ಮರ ಶೇ 20ರ ಹತ್ತಿರವೇ ನಿಲ್ಲುತ್ತದೆ. ಒಣಗಿದ್ದ ಹಲಗೆಯೂ ಮತ್ತೆ ನೀರು ಕುಡಿಯುತ್ತದೆ. ಗಾಳಿ ಶೇ 65ಕ್ಕೆ ಇಳಿದಾಗ ಮರ ಶೇ 12ಕ್ಕೆ ಬರುತ್ತದೆ. ಒಂದಿಂಚಿನ ಹಲಸಿಗೆ ನಾನು ಎರಡು ಬೇಸಿಗೆ ಕೊಡುತ್ತೇನೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಅಷ್ಟು ಬೇಡ. ಭಾಗಮಂಡಲದ ಕಡೆಯವರು ಮಳೆಗಾಲ ಹಿಡಿಯುವ ಮುಂಚೆ ಹಲಗೆಯನ್ನು ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ಹಿರಿಯರು ಮಾಡುತ್ತಿದ್ದದ್ದೂ ಅದನ್ನೇ.

ಹಲಗೆ ಹೇಗೆ ಪೇರಿಸಬೇಕು? ನಮ್ಮದೆಲ್ಲ ಸೊಟ್ಟ ಆಯ್ತು.

ನನ್ನ ಮೊದಲ ಹಲಸಿನ ಹಲಗೆಗಳೂ ಹೀಗೇ ಹಾಳಾದವು. ಕಾಫಿ ಕಣದಲ್ಲಿ ಬಿಸಿಲಿಗೆ ಹಾಕಿ, ಸಂಜೆ ಟಾರ್ಪಲಿನ್ ಮುಚ್ಚುತ್ತಿದ್ದೆ. ಮೂರನೇ ದಿನಕ್ಕೆ ತುದಿಗಳು ಟಪ್ ಟಪ್ ಎಂದು ಸಿಡಿಯುವ ಸದ್ದು ಅಡುಗೆಮನೆಗೆ ಕೇಳಿಸಿತು. ಒಳಗೆ ಬೆವರಿ ಬೂಸ್ಟು, ಹೊರಗೆ ಬಿರುಕು. ಹನ್ನೊಂದು ಹಲಗೆಯಲ್ಲಿ ನಾಲ್ಕು ಉಳಿಯಿತು. ಆ ಮರವನ್ನು ನೆಟ್ಟದ್ದು ನನ್ನ ಅಜ್ಜಿ.

ಈಗ ಮಾಡುವುದು ಹೀಗೆ. ಕೊಯ್ದ ದಿನವೇ ತುದಿಗಳಿಗೆ ಹಳೆಯ ಎನಾಮಲ್ ಬಣ್ಣ ಎರಡು ಸಲ ಬಳಿಯುತ್ತೇನೆ. ಸಗಣಿ ಬಳಿಯುವ ರೂಢಿಯೂ ಇತ್ತು, ಅದೂ ಕೆಲಸ ಮಾಡುತ್ತದೆ. ಗಾಳಿಯಾಡುವ ಶೆಡ್ಡಿನಲ್ಲಿ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಕಂಬ ಕಟ್ಟಿ, ಮೇಲೆ ಸಮತಟ್ಟಾದ ತೊಲೆ. ಹಲಗೆ, ಅದರ ಮೇಲೆ ಒಂದಿಂಚು ದಪ್ಪದ ಕಡ್ಡಿಗಳು, ಮತ್ತೆ ಹಲಗೆ. ಕಡ್ಡಿಗಳ ನಡುವೆ ಒಂದೂವರೆ ಅಡಿ. ಮೇಲಿನ ಕಡ್ಡಿ ಕೆಳಗಿನ ಕಡ್ಡಿಯ ನೇರಕ್ಕೇ ಬರಬೇಕು, ಎರಡಿಂಚು ಆಚೀಚೆ ಆದರೂ ಹಲಗೆ ಅಲ್ಲಿ ಬಳುಕುತ್ತದೆ. ಕಡ್ಡಿ ಒಣಗಿದ ಮರದ್ದೇ ಇರಲಿ. ಹಸಿ ಕಡ್ಡಿ ಇಟ್ಟರೆ ಅದರ ಅಚ್ಚು ಹಲಗೆಯ ಒಳಗೇ ಇಳಿದುಬಿಡುತ್ತದೆ, ಕೀಸಿದರೂ ಹೋಗಲ್ಲ. ರಾಶಿಯ ತಲೆ ಮೇಲೆ ಸಿಮೆಂಟ್ ಇಟ್ಟಿಗೆ ಹೇರಿ.

ಹಲಗೆ ಕೆಳಗೆ ಹಿಟ್ಟಿನ ಹಾಗೆ ಪುಡಿ ಬೀಳ್ತಿದೆ. ಏನದು?

ಕುಟ್ಟೆ. ತೊಗಟೆಯ ಒಳಗಿನ ಬಿಳಿ ಭಾಗದಲ್ಲಿರುವ ಗಂಜಿಯನ್ನು ತಿನ್ನುವ ಹುಳ. ಚೇಗಿಗೆ ಸಾಮಾನ್ಯವಾಗಿ ಬರುವುದಿಲ್ಲ, ಹಾಗಾಗಿ ಮೇಜು ಕುರ್ಚಿಗೆ ಬಿಳಿ ಭಾಗ ಕತ್ತರಿಸಿಬಿಡುವುದೇ ಒಳ್ಳೆಯದು. ಮಾವಿನಂಥ ಪೂರ್ತಿ ಬಿಳಿ ಮರಕ್ಕೆ ಹಸಿಯಿರುವಾಗಲೇ ಬೋರಾಕ್ಸ್ ಕೊಡಿ: ಲೀಟರ್ ಬಿಸಿನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಆಸಿಡ್. ಮುಳುಗಿಸಿದರೆ ಉತ್ತಮ, ಇಲ್ಲವೇ ಬ್ರಷ್‌ನಲ್ಲಿ ಎರಡು ಮೂರು ಸಲ. ಮಳೆಗೆ ಇದು ತೊಳೆದುಹೋಗುತ್ತದೆ, ಮನೆಯೊಳಗಿನ ಸಾಮಾನಿಗೆ ಮಾತ್ರ. ಊಟದ ಹಲಗೆ, ಸೌಟಿಗೆ ಬೇಡವೇ ಬೇಡ.

ಮೀಟರ್ ಇಲ್ಲದೆ ಒಣಗಿದೆ ಅಂತ ತಿಳಿಯೋದು ಹೇಗೆ?

ಅಡುಗೆಮನೆಯ ತಕ್ಕಡಿ ಸಾಕು. ಹಲಗೆಯ ತುದಿಯಿಂದ ಒಂದಡಿ ಒಳಗೆ ಒಂದು ತೆಳು ಚೂರು ಕೊಯ್ದು ತೂಗಿ. ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಮೊದಲು 62 ಗ್ರಾಂ ಇದ್ದದ್ದು 50ಕ್ಕೆ ಇಳಿದರೆ ಹೋದ ನೀರು 12 ಗ್ರಾಂ. 12ನ್ನು 50ರಿಂದ ಭಾಗಿಸಿದರೆ ಶೇ 24, ಇನ್ನೂ ಹಸಿ. ಶೇ 12ರಿಂದ 14ಕ್ಕೆ ಬಂದ ಮೇಲೆ ನಾನು ಕೀಸುಳಿ ಎತ್ತುತ್ತೇನೆ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಚೆನ್ನಾಗಿ ಒಣಗಿಸಿಯೇ ಮೇಜು ಮಾಡಿದ್ದೆ. ಬೆಂಗಳೂರಿಗೆ ಮಗಳ ಮನೆಗೆ ಕಳಿಸಿದ್ಮೇಲೆ ಸೀಳಿತು. ಯಾಕೆ?

ಅಲ್ಲಿಯ ಗಾಳಿ ಒಣ, ಮರ ಇನ್ನಷ್ಟು ಕುಗ್ಗಿತು. ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ, ಸ್ಕ್ರೂ ಬಿಗಿದು ಕಟ್ಟಿಹಾಕಿದ್ದೀರಿ ಅಂತ ಕಾಣುತ್ತದೆ. ಕುಗ್ಗಲು ಜಾಗ ಇಲ್ಲದೆ ಸೀಳಿತು. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಕುಗ್ಗುತ್ತದೆ. ದಿಮ್ಮಿಯ ತುದಿಯಲ್ಲಿ ಕಾಣುವ ಬಳೆ ಗೆರೆಯ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ಸ್ಕ್ರೂ ತೂತನ್ನು ಅಗಲದ ದಿಕ್ಕಿಗೆ ಉದ್ದುದ್ದ ಮಾಡಿ, ಅಂಟು ಬಿಡಿ. ಹಳೆಯ ಬಾಗಿಲುಗಳ ನಡುವಿನ ಹಲಗೆ ಚೌಕಟ್ಟಿನ ಗಾಡಿಯಲ್ಲಿ (ಉದ್ದಕ್ಕೆ ಕೊರೆದ ಸಂದಿಯಲ್ಲಿ) ಸುಮ್ನೆ ಕೂತಿರುತ್ತದೆ, ನೋಡಿದ್ದೀರಲ್ವಾ? ಆಚಾರಿಗಳು ಅಂಟು ಹಾಕದೆ ಬಿಟ್ಟದ್ದು ಈ ಕಾರಣಕ್ಕೇ.

ನಮ್ಮ ಐನ್‌ಮನೆಯ ಐಮರ ಒಂದು ಕಡೆ ಗೆದ್ದಲು ತಿಂದಿದೆ. ಪೂರ್ತಿ ಬದಲಾಯಿಸಬೇಕಾ?

ದಯವಿಟ್ಟು ಬೇಡ. ಐನ್‌ಮನೆ ಅಂದರೆ ಕೊಡವ ಕುಟುಂಬದ ಮೂಲಮನೆ, ಐಮರ ಅದರ ಜಗಲಿಯಲ್ಲಿ ಕೂರುವ ಹಲಗೆ. ಕಂಬದಿಂದ ಕಂಬಕ್ಕೆ ಹಾಸಿದ ಅಷ್ಟು ಅಗಲದ ಒಂದೇ ಹಲಗೆ ಈಗ ಯಾವ ತೋಟದಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಉಳಿಯ ತುದಿಯಿಂದ ತಟ್ಟುತ್ತಾ ಬನ್ನಿ. ಪೊಳ್ಳು ಸದ್ದು ಎಲ್ಲಿಗೆ ನಿಲ್ಲುತ್ತದೋ ಅಲ್ಲಿಂದ ಎರಡಿಂಚು ಆಚೆ ಗೆರೆ ಎಳೆದು, ಅಷ್ಟನ್ನೇ ತೆಗೆಯಿರಿ. ಅದೇ ಜಾತಿಯ, ಅದೇ ಎಳೆಯ ದಿಕ್ಕಿನ ಹಳೆಯ ಮರದ ತುಂಡು ಕೂರಿಸಿ. ಹೊಸ ಹಲಸು ಇಟ್ಟರೆ ಮೊದಲು ಹಳದಿ ತೇಪೆಯ ಹಾಗೆ ಕಾಣುತ್ತದೆ. ಅದಕ್ಕೆ ಬಣ್ಣ ಬಳಿಯಬೇಡಿ, ಬೆಳಕೇ ಅದನ್ನು ಸರಿ ಮಾಡುತ್ತದೆ. ಗೆದ್ದಲು ಬಂದ ದಾರಿ ಗೋಡೆಯಲ್ಲೋ ಕಂಬದ ಬುಡದಲ್ಲೋ ಇರುತ್ತದೆ, ತುಂಡು ಕೂರಿಸುವ ಮುಂಚೆ ಅದನ್ನು ಮುಚ್ಚಿ.

ಪಾಲಿಶ್ ಬೇಡ, ಮನೆಯಲ್ಲೇ ಏನಾದ್ರೂ ಹಚ್ಚಬಹುದಾ?

ನಮ್ಮ ಜೇನುಮೇಣ ಇದೆಯಲ್ಲ! ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಅಗಸೆ ಎಣ್ಣೆ. ನೇರ ಬೆಂಕಿಗೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ತಣ್ಣಗಾದರೆ ಮುಲಾಮಿನ ಹದಕ್ಕೆ ಬರುತ್ತದೆ. ಹತ್ತಿ ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು ಒರೆಸಿ. ಹೊರಗಿನ ಪಕಾಸು, ರೀಪಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುತ್ತಾರೆ. ಅದು ಕೈ ಸುಡುತ್ತದೆ, ದಪ್ಪ ಗ್ಲೌಸ್ ಹಾಕಿಯೇ ಮುಟ್ಟಿ.

ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು, ಪಕ್ಕದಲ್ಲಿ ಗರಗಸದ ಪುಡಿ ಬೇರೆ ಇರುತ್ತದೆ. ನಾನು ಅದನ್ನು ಬಿಡಿಸಿ ಅಂಗಳದ ತಂತಿಗೆ ಒಂದೊಂದಾಗಿ ನೇತುಹಾಕುತ್ತೇನೆ. ಪೂರ್ತಿ ಒಣಗಿ ಕಾಗದದ ಹಾಗೆ ಗರಿಗರಿಯಾದ ಮೇಲೆ ಒಲೆಗೆ ಹಾಕುತ್ತೇನೆ.